ಇಸ್ಮಾಯಿಲನ ಗುರುವಾರ

ಆಗೆಲ್ಲ ನಮ್ಮ ಶಿರಸಿಯ ಮದರಸಾದಲ್ಲಿ ಒಲೆಯೇ ಇರಲಿಲ್ಲ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕುರಾನು ಬಾಯಿಪಾಠ ಮಾಡಲು ಹಳ್ಳಿಗಳಿಂದ ಬಂದ ಏಳೆಂಟು ಹುಡುಗರು ಮಸೀದಿಯ ಪಕ್ಕದ ಹೆಂಚಿನ ಕೋಣೆಯಲ್ಲಿರುತ್ತಿದ್ದರು. ಊಟ ಕೇರಿಯ ಮನೆಗಳಿಂದ ಹೋಗಬೇಕು. ಬ್ರಾಹ್ಮಣರ ಬಡ ಹುಡುಗರಿಗೆ ವಾರಾನ್ನ ಇದ್ದಂತೆಯೇ ಇದೂ, ದಿನಕ್ಕೊಂದು ಮನೆ. ಮದರಸಾದ ಹುಡುಗರೂ ಸುಮ್ಮನೆ ಉಣ್ಣುತ್ತಿರಲಿಲ್ಲ. ಹುಟ್ಟಿದ ಕೂಸಿನ ಕಿವಿಯಲ್ಲಿ ಬಾಂಗು ಹೇಳಲು, ಮುಂಬಯಿಯಿಂದ ಬಂದ ಉರ್ದು ಕಾಗದ ಓದಲು, ಸತ್ತವರ ಮನೆಯಲ್ಲಿ ಕೂತು ಪಠಿಸಲು ಕೇರಿಗೆ ಅವರೇ ಬೇಕಿತ್ತು.

ನಮ್ಮ ಮನೆಗೆ ಗುರುವಾರ. ಉಣ್ಣುವವನು ಹಾನಗಲ್ಲ ಕಡೆಯ ಇಸ್ಮಾಯಿಲ್, ಹದಿನಾಲ್ಕೋ ಹದಿನೈದೋ ವರ್ಷ. ಗುರುವಾರವೇ ಕುಮಟೆಯ ಬಸ್ಸಿನ ಮೇಲೆ ಬಂಗಡೆ ಮೀನಿನ ಬುಟ್ಟಿ ಬರುತ್ತಿತ್ತು. ಅಮ್ಮಿ ತೆಂಗಿನಕಾಯಿ, ಒಣಮೆಣಸು ಅರೆದು, ಹುಳಿಗೆ ಮುರುಗಲು ಹಾಕಿ ಸಾರು ಕುದಿಸಿದರೆ ಬೀದಿಯಲ್ಲಿ ಹೋಗುವವರೂ ಮೂಗು ಅರಳಿಸುತ್ತಿದ್ದರು. ದೊಡ್ಡ ತುಂಡು ಅಬ್ಬಾಗೆ, ಅದರ ನಂತರದ್ದು ಮದರಸಾಕ್ಕೆ, ಆಮೇಲೆ ಅಣ್ಣಂದಿರಿಗೆ. ಒಂಬತ್ತು ವರ್ಷದ ನನಗೆ ಬಾಲ. ಆ ಬಾಲದಲ್ಲಿ ಮುಳ್ಳು ಬಿಟ್ಟು ಇನ್ನೇನಿರುತ್ತದೆ? ಬುತ್ತಿ ಒಯ್ಯುವವಳೂ ನಾನೇ.

ಆ ವರ್ಷ ದೀಪಾವಳಿ ಕಳೆದ ಮೇಲೊಂದು ದಿನ, ಸಾಮಿಲ್ಲಿನ ದಿಮ್ಮಿಗಳ ಹಿಂದೆ ಕೂತು ಊಟದ ಕ್ಯಾರಿಯರಿನ ಮೇಲಿನ ಡಬ್ಬಿ ತೆರೆದೆ. ಮೊದಲು ಒಂದು ಚೂರು. ಮುಂದಿನ ವಾರ ಇಡೀ ತುಂಡು. ಆಮೇಲೆ ಅದೇ ರೂಢಿಯಾಯಿತು. ಮುಳ್ಳು ನಾಯಿಗೆ ಎಸೆದು ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಇಸ್ಮಾಯಿಲ್ ಏನೂ ಕೇಳಲಿಲ್ಲ. ಬರಿಯ ಸಾರಿನಲ್ಲೇ ಅನ್ನ ಕಲಸಿ ಉಣ್ಣುತ್ತಿದ್ದ. ಒಂದು ಗುರುವಾರ ಮಾತ್ರ ಡಬ್ಬಿ ನೋಡಿ, ನನ್ನ ಮುಖ ನೋಡಿದ.

"ತಂಗಿ, ಮನ್ಯಾಗ ಎಲ್ಲಾರದೂ ಊಟ ಆಗೇತೇನ?"

"ಹ್ಞೂಂ."

"ನಿಂದು?"

"ಇನ್ನೂ ಇಲ್ಲ."

ಅವನು ಅರ್ಧ ಅನ್ನ ತಾಟಿಗೆ ಹಾಕಿಕೊಂಡು ಉಳಿದದ್ದನ್ನು ಡಬ್ಬಿಯಲ್ಲೇ ಬಿಟ್ಟ. "ನನಗ ಹಸಿವಿಲ್ಲ. ಇದನ್ನ ಮನಿಗೆ ಒಯ್ಯಿ" ಎಂದ. ಅಲ್ಲಿಂದ ಮುಂದೆ ಪ್ರತಿ ವಾರವೂ ಅರ್ಧ ಅನ್ನ ವಾಪಸು ಬಂತು.

"ಎಂತಕ್ಕೆ ಉಣ್ಣೂದಿಲ್ಲ ಆ ಹುಡುಗ? ನನ್ನ ಸಾರು ಸೇರೂದಿಲ್ವಾ?" ಎಂದು ಅಮ್ಮಿ ಕೇಳಿದಳು. ನಾನು ಗೊತ್ತಿಲ್ಲವೆಂದೆ. ಅಮ್ಮಿ ಖಾರ ಕಡಿಮೆ ಮಾಡಿದಳು. ಮುಂದಿನ ವಾರ ಎರಡು ತುಂಡು ಹಾಕಿದಳು. ಎರಡೂ ನನ್ನ ಹೊಟ್ಟೆಗೇ ಹೋದವು.

ಕೊನೆಗೆ ಮೌಲ್ವಿ ಸಾಹೇಬರು ಬಾಗಿಲಿಗೆ ಬಂದು, ಕಾರಣ ಹೇಳದೆ, ಗುರುವಾರವನ್ನು ಬೇರೆ ಮನೆಗೆ ಕೊಟ್ಟಿದ್ದೇನೆ ಎಂದರು. ಮರುದಿನ ದಾರಿಯಲ್ಲಿ ಸಿಕ್ಕ ಇಸ್ಮಾಯಿಲ್ ದನಿ ತಗ್ಗಿಸಿ, "ನಾನ ಹೇಳೇನಿ ಅವರಿಗೆ. ನಿಮ್ಮವ್ವಗ ಗೊತ್ತಾಗೂದು ಬ್ಯಾಡ, ನೊಂದ್ಕೋತಾಳ. ನೀನಿನ್ನ ಹೊಟ್ಟಿತುಂಬ ಉಣ್ಣು" ಎಂದ. ನಮ್ಮ ಮನೆಯಲ್ಲಿ ಉಣ್ಣಲು ಗತಿಯಿಲ್ಲ ಎಂದು ಅವನು ತಿಳಿದಿದ್ದ. ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೂ ನಾನು ಬಾಯಿ ಬಿಡಲಿಲ್ಲ.

ಕೇರಿಯಲ್ಲಿ ವಾರ ತಪ್ಪಿದ ಮನೆ ನಮ್ಮದೊಂದೇ. ಬಾವಿಯ ಹತ್ತಿರ ಹೆಂಗಸರು ಯಾಕೆಂದು ಕೇಳಿದರೆ ಅಮ್ಮಿ ಅರ್ಧ ಕೊಡ ನೀರೇ ಸಾಕೆಂದು ಎತ್ತಿಕೊಂಡು ಬಂದುಬಿಡುತ್ತಿದ್ದಳು. ಇಸ್ಮಾಯಿಲ್ ಓದು ಮುಗಿಸಿ ಊರಿಗೆ ಹೋದ. ಮತ್ತೆ ಕಾಣಲಿಲ್ಲ.

ಈಗ ಮದರಸಾಕ್ಕೆ ದೊಡ್ಡ ಕಟ್ಟಡ, ಗ್ಯಾಸಿನ ಒಲೆ, ಅಡುಗೆಯವರು ಎಲ್ಲ ಇದೆ. ಒಳ್ಳೆಯದೇ, ಯಾವ ಹುಡುಗನೂ ನನ್ನಂಥವಳ ದಾರಿ ಕಾಯಬೇಕಿಲ್ಲ. ಆದರೆ ಅಲ್ಲಿಯ ಒಬ್ಬನ ಹೆಸರೂ ಕೇರಿಗೆ ಗೊತ್ತಿಲ್ಲ. ಅಂಥ ಮಕ್ಕಳಿಂದ ಸಮಾಜಕ್ಕೇನು ಪ್ರಯೋಜನ ಎಂದು ಯಾರಾದರೂ ಮಾತು ತೆಗೆದರೆ ನನಗೆ ತಲೆ ಎತ್ತಲಾಗುವುದಿಲ್ಲ.

ಅಮ್ಮಿಯ ಕೊನೆಯ ಕಾಯಿಲೆಯಲ್ಲಿ ಗಂಜಿ ಕುಡಿಸುತ್ತಿದ್ದೆ. "ಆ ಹುಡುಗ ನಮ್ಮನೆ ಊಟ ಎಂತಕ್ಕೆ ಬಿಟ್ಟ ಅಂತ ಗೊತ್ತೇ ಆಗ್ಲಿಲ್ಲ ನೋಡು" ಎಂದಳು. "ನನ್ನ ಕೈಯಲ್ಲೇ ಎಂತೋ ದೋಷ ಇತ್ತೇನೋ."

ಆಗ ನನಗೆ ನಲವತ್ತೆಂಟು ವರ್ಷ. "ಹಳೇ ಸಂಗತಿ ಬಿಡು ಅಮ್ಮಿ" ಎಂದು ಇನ್ನೊಂದು ಚಮಚ ಬಾಯಿಗಿಟ್ಟೆ.