ಮೀಟರಿನ ಮೇಲಿನ ಕರಿ ಟೇಪು

ಮೊನ್ನೆ ನಮ್ಮ ಬಾವಿಯ ಪಂಪು ಕೆಟ್ಟಿತ್ತು. ರಿಪೇರಿಗೆ ಬಂದವನು ವೈರು ಜೋಡಿಸಿ, ಜೇಬಿನಿಂದ ಕರಿ ಟೇಪಿನ ಸುರುಳಿ ತೆಗೆದು ಹಲ್ಲಿನಿಂದ ಕಚ್ಚಿ ಹರಿದ. ಬಿಸಿಲಿಗೆ ಮೆತ್ತಗಾದ ಟೇಪು. ಅದರ ಅಂಟಿನ ವಾಸನೆ... ರಬ್ಬರು, ಸೀಮೆಎಣ್ಣೆ, ಜೊತೆಗೆ ಏನೋ ಸುಟ್ಟಂಥದ್ದು. ಪಕ್ಕದಲ್ಲಿ ನಿಂತಿದ್ದ ನಾನು ಅಲ್ಲೇ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟೆ. ಆ ವಾಸನೆ ಎಂದರೆ ನನಗೆ ವೈರಿಂಗ್ ಕಾಕಾ.

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಗೆ ಅವರ ತಗಡಿನ ಅಂಗಡಿಯಿತ್ತು. ಲಾರಿಯ ದೀಪ, ಹಾರನ್, ಮೀಟರು, ವೈರು ಹಾಯ್ದಲ್ಲೆಲ್ಲ ಅವರ ಕೈ. ಅವರ ತಂದೆ ಧಾರವಾಡದ ಕಡೆಯಿಂದ ಪೇಪರ್ ಮಿಲ್ಲಿನ ಕೆಲಸಕ್ಕೆಂದು ಬಂದವರು. ಮಗ ಮಿಲ್ಲಿನ ಗೇಟು ದಾಟದೆ ಲಾರಿಗಳ ಹೊಟ್ಟೆಯ ಕೆಳಗೆ ಸೇರಿಕೊಂಡಿದ್ದರು. ಹಣೆಯ ಮೇಲೆ ವಿಭೂತಿ, ಕಿವಿಯ ಸಂದಿಯಲ್ಲಿ ಟೆಸ್ಟರು. ಡ್ರೈವರುಗಳನ್ನು ಬೈಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಬೈಸಿಕೊಂಡವರೇ ಮತ್ತೆ ಅವರ ಚಹಾ ಕುಡಿದು ಹೋಗುತ್ತಿದ್ದರು.

ನನಗಾಗ ಒಂದು ಲಾರಿಯಿತ್ತು, ನಾನೇ ಓಡಿಸುತ್ತಿದ್ದೆ. ಒಂದು ದಿನ ಅದರ ಗೇರ್‌ಬಾಕ್ಸ್ ಒಳಗಿನ ಹಲ್ಲುಗಳು ಪುಡಿಯಾದವು. ಹುಬ್ಬಳ್ಳಿಯ ಗುಜರಿಯಲ್ಲಿ ಹುಡುಕಾಡಿ, ಹಳೆಯ ಕಾಲದ ಲಾರಿಯೊಂದರ ಗೇರ್‌ಬಾಕ್ಸ್ ತಂದು ಕೂಡಿಸಿದೆವು. ಲಾರಿ ಓಡಿತು, ಸ್ಪೀಡೋಮೀಟರ್ ಮಾತ್ರ ಏಳಲಿಲ್ಲ. ಹಳೆಯ ಗೇರ್‌ಬಾಕ್ಸಿಗೆ ಕೇಬಲ್ ತಿರುಗಿಸುವುದಷ್ಟೇ ಗೊತ್ತು. ನನ್ನ ಮೀಟರು ಎಲೆಕ್ಟ್ರಾನಿಕ್, ಅದಕ್ಕೆ ವೈರಿನಲ್ಲಿ ಸುದ್ದಿ ಬರಬೇಕು. ಇಬ್ಬರ ಭಾಷೆಯೂ ಬೇರೆ.

ಕಾಕಾ ಎರಡು ದಿನ ಲಾರಿಯ ಕೆಳಗೇ ಮಲಗಿದರು. ಹಿಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಉದ್ದನೆಯ ದಂಡಿಗೆ ಸುತ್ತಲೂ ನಾಲ್ಕು ಸಣ್ಣ ಅಯಸ್ಕಾಂತ ಅಂಟಿಸಿ, ಎದುರಿಗೆ ಒಂದು ಸೆನ್ಸರ್ ಕೂಡಿಸಿ, ಅಲ್ಲಿಂದ ಮೀಟರಿಗೆ ವೈರು ಎಳೆದರು. ದಂಡಿ ತಿರುಗಿದಾಗ ಅಯಸ್ಕಾಂತ ಸೆನ್ಸರಿನ ಮುಂದೆ ಹಾದಷ್ಟು ಸಲ ಮೀಟರಿಗೆ ಸುದ್ದಿ ಮುಟ್ಟುತ್ತದೆ. ಅದನ್ನು ಎಣಿಸಿ ಮುಳ್ಳು ಏಳುತ್ತದೆ. ಅಂಗಡಿಯ ಮುಂದೆ ಒಂದು ಸುತ್ತು ಹೊಡೆದಾಗ ಮುಳ್ಳು ಎದ್ದಿತು. ನಾನು ಕೈಮುಗಿದೆ. ಕಾಕಾ ಮಾತ್ರ ನಗಲಿಲ್ಲ. ಟೇಪು ಹರಿದು ಮೀಟರಿನ ಗಾಜಿನ ಮೇಲೆ ಅಡ್ಡಡ್ಡ ಎರಡು ಪಟ್ಟಿ ಬಡಿದರು.

ಇದು ಅವರ ಕಟ್ಟಳೆ. ಮೀಟರಿನ ಕೆಲಸ ಮಾಡಿದರೆ ಗಾಜಿಗೆ ಟೇಪು ಹಚ್ಚುವುದು. ಆಮೇಲೆ ಹಳಿಯಾಳ ರಸ್ತೆಯ ನೇರ ದಾರಿಯಲ್ಲಿ ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ಲಾರಿ ಓಡಿಸಿ, ಕೈಗಡಿಯಾರ ಹಿಡಿದು ಪಕ್ಕದಲ್ಲಿ ಕೂಡುವುದು. ಮುಳ್ಳು ನಲವತ್ತರಲ್ಲಿದ್ದರೆ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಒಂದೂವರೆ ನಿಮಿಷ ಹಿಡಿಯಬೇಕು. ಅಷ್ಟೇ ಹಿಡಿದರೆ ಟೇಪನ್ನು ತಾವೇ ಪೂರ್ತಿ ಕಿತ್ತು ಹಾಕುವುದು. ಇಲ್ಲವಾದರೆ ಅಯಸ್ಕಾಂತ ಹೆಚ್ಚು ಕಡಿಮೆ ಮಾಡಿ ಮತ್ತೆ ಓಡಿಸುವುದು. ಟೇಪು ಹೋಗಿದೆ ಎಂದರೆ ಕಾಕಾ ಒಪ್ಪಿದ್ದಾರೆ ಎಂದು ಊರಿನ ಡ್ರೈವರುಗಳಿಗೆಲ್ಲ ಗೊತ್ತಿತ್ತು.

ಅಂದು ಸೋಮವಾರ. ಮನೆಗೆ ಹೋಗಿ ಲಿಂಗಪೂಜೆ ಮುಗಿಸಿ ಒಂದು ತಾಸಿನಲ್ಲಿ ಬರುತ್ತೇನೆ, ಕಲ್ಲು ನೋಡೋಣ ಎಂದರು. ಮಿಲ್ಲಿನಲ್ಲಿ ಕಾರವಾರಕ್ಕೆ ಹೋಗುವ ಕಾಗದದ ರೀಲುಗಳು ಲೋಡಿಗೆ ಕಾಯುತ್ತಿದ್ದವು. ಮಧ್ಯಾಹ್ನದೊಳಗೆ ನಾನು ಹೋಗದಿದ್ದರೆ ಬೇರೆ ಲಾರಿ ತುಂಬಿಕೊಳ್ಳುತ್ತಿತ್ತು. ಮೂರು ವಾರದಿಂದ ಖಾಲಿ ಕುಳಿತವನಿಗೆ ಒಂದು ತಾಸು ದೊಡ್ಡದಾಗಿ ಕಂಡಿತು. ಮೀಟರಿಲ್ಲದಿದ್ದರೂ ಇಂಜಿನ್ನಿನ ಸಪ್ಪಳದ ಮೇಲೆಯೇ ನನಗೆ ವೇಗ ಗೊತ್ತಾಗುತ್ತದೆ ಎಂದು ಕಾಕಾನ ಮುಂದೆ ಕೊಚ್ಚಿಕೊಂಡೆ.

"ಗೇರಿನ ಡಬ್ಬಿ ಬದಲಾಗೇತಿ ತಮ್ಮಾ," ಎಂದರು ಚಪ್ಪಲಿ ಮೆಟ್ಟುತ್ತ. "ನಿನ್ನ ಕಿವಿ ಇನ್ನೂ ಮೊದಲನೇ ಹೆಂಡ್ತಿ ದನಿಗೆ ಓ ಅನ್ನಾಕತ್ತೈತಿ. ಸತ್ತ ಮುಳ್ಳ ಬ್ಯಾರೆ, ಸುಳ್ಳ ಹೇಳೂ ಮುಳ್ಳ ಬ್ಯಾರೆ. ನಾ ಬರೂತನಾ ಟೇಪ್ ಮುಟ್ಟಬ್ಯಾಡ."

ಅವರ ಸೈಕಲ್ಲು ತಿರುವಿನಲ್ಲಿ ಮರೆಯಾಗುವವರೆಗೆ ಕಾದೆ. ಆಮೇಲೆ, ಮುಳ್ಳು ಹೇಗೂ ಎದ್ದಿದೆಯಲ್ಲ ಎಂದುಕೊಂಡು, ಟೇಪು ಕಿತ್ತು, ಉಂಡೆ ಮಾಡಿ, ಕಿಟಕಿಯಿಂದ ಒಗೆದೆ.

ಜೋಯಿಡಾ ದಾಟಿ ಕುಂಬಾರವಾಡದ ಕಡೆ ಹೊರಟಾಗ ಬದಲಾದ ಡಬ್ಬಿಯ ದನಿಗೆ ನನ್ನ ಕಿವಿ ನಿಜಕ್ಕೂ ಗಲಿಬಿಲಿಗೊಂಡಿತು. ಹಾಗಾಗಿ ಮುಳ್ಳನ್ನೇ ನಂಬಿದೆ. ಇಳಿಜಾರಿನ ತಿರುವಿನಲ್ಲಿ ಅದು ನಲವತ್ತು ತೋರಿಸುತ್ತಿತ್ತು. ಲಾರಿ ಅರವತ್ತರಲ್ಲಿತ್ತು. ಆ ಮೀಟರಿಗೆ ಬೇಕಾಗಿದ್ದುದು ನಾಲ್ಕಲ್ಲ, ಆರು ಅಯಸ್ಕಾಂತ. ಇದು ಆಮೇಲೆ ತಿಳಿದದ್ದು. ರೀಲುಗಳು ಒಂದು ಮಗ್ಗುಲಿಗೆ ಸರಿದವು. ಆ ರಸ್ತೆಗೆ ಬಸ್ಸು ಅಪರೂಪ, ಜನ ತಾಸುಗಟ್ಟಲೆ ಮೊದಲೇ ಬಂದು ನಿಂತಿರುತ್ತಾರೆ. ಅಲ್ಲೊಬ್ಬ ನಿಂತಿದ್ದ, ಕೈಯಲ್ಲಿ ಒಂದು ಚೀಲ... ಅವನ ಮುಖ ನಾನು ನೋಡಲಿಲ್ಲ. ಚೀಲದ ಬಣ್ಣ ಮಾತ್ರ ಇವತ್ತಿಗೂ ಕಣ್ಣಲ್ಲಿದೆ, ಹಸಿರು. ಲಾರಿ ಮಗುಚಿದ್ದು ಅವನ ಮೇಲೆ.

ಪೊಲೀಸರು ಕೇಳಿದಾಗ ಮುಳ್ಳು ನಲವತ್ತರಲ್ಲೇ ಇತ್ತು ಎಂದೆ. ಅದು ನಿಜ. ನಿಜವನ್ನು ಅಲ್ಲಿಗೇ ನಿಲ್ಲಿಸಿದೆ. ಗಾಜಿನ ಮೇಲೆ ಟೇಪಿತ್ತೇ ಎಂದು ಯಾರೂ ನನ್ನನ್ನು ಕೇಳುವ ಅಗತ್ಯವಿರಲಿಲ್ಲ. ಮಗುಚಿದ ಲಾರಿಯಲ್ಲಿ ಬರಿ ಗಾಜನ್ನು ಊರೇ ನೋಡಿತ್ತು. ಕಾಕಾ ಪರೀಕ್ಷೆ ಮಾಡದೆ ಟೇಪು ತೆಗೆದು ಕಳಿಸಿದರು, ಮುಪ್ಪಿಗೆ ಕಣ್ಣು ಕೈ ಸೋತವು, ಎಂದು ಚಹಾದಂಗಡಿಯಲ್ಲಿ ತೀರ್ಮಾನವಾಯಿತು.

ಕೇಳಿದವರು ಕಾಕಾ ಒಬ್ಬರೇ. ಆಸ್ಪತ್ರೆಯಲ್ಲಿ ನನ್ನ ಮುರಿದ ಕಾಲಿನ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತು, ಮನೆಯಿಂದ ತಂದ ಗಂಜಿಯನ್ನು ಚಮಚದಲ್ಲಿ ಕುಡಿಸಿ, ಬಾಯಿ ಒರೆಸಿದ ಮೇಲೆ ಕೇಳಿದರು.

"ತಮ್ಮಾ, ಟೇಪ್ ಯಾರ ತಗದ್ರು?"

ನಾನು ನೋವಾದವನಂತೆ ಕಣ್ಣು ಮುಚ್ಚಿದೆ. ಅವರ ಅಂಗಿಯ ಟೇಪಿನ ವಾಸನೆ ಬರುತ್ತಲೇ ಇತ್ತು. ಕೊನೆಗೆ, "ಆತು ಬಿಡು. ಮೊದಲ ಆರಾಮ ಆಗು," ಎಂದು ಎದ್ದುಹೋದರು. ತಮ್ಮ ಬಾಯಿಂದ ಯಾರಿಗೂ ಏನೂ ಹೇಳಲಿಲ್ಲ. ಹೇಳಿದ್ದರೆ ನನ್ನ ಗತಿ ಏನಾಗುತ್ತಿತ್ತೆಂದು ಅವರಿಗೆ ಗೊತ್ತಿತ್ತು.

ಲಾರಿಗಳು ಆ ಅಂಗಡಿಯ ಮುಂದೆ ನಿಲ್ಲುವುದು ಕಡಿಮೆಯಾಯಿತು. ಕೆಲವರು ನಿಲ್ಲಿಸಿ, "ಕಾಕಾ, ಹಾರನ್ ಅಷ್ಟ ನೋಡ್ರಿ, ಮೀಟರ್ ಮುಟ್ಟಬ್ಯಾಡ್ರಿ" ಎಂದು ಅವರ ಮುಖಕ್ಕೇ ನಗುತ್ತಿದ್ದರಂತೆ. ಕಾಕಾ ಹಾರನ್ನು ಮಾತ್ರ ನೋಡಿ ಕಳಿಸುತ್ತಿದ್ದರಂತೆ. ಒಂದು ಮಳೆಗಾಲ ಕಳೆದು ನೋಡಿದರೆ ತಗಡಿನ ಬಾಗಿಲಿಗೆ ಬೀಗ. ನಾನು ಆ ರಸ್ತೆ ಬಿಟ್ಟು ಬೇರೆ ಸುತ್ತು ಹಾಕಿ ಓಡಾಡುವುದನ್ನು ರೂಢಿ ಮಾಡಿಕೊಂಡೆ. ಇವತ್ತು ಹೋಗಿ ಹೇಳಬೇಕು, ನಾಳೆ ಹೋಗಿ ಹೇಳಬೇಕು... ಹಾಗೆಯೇ ವರ್ಷಗಳು ಹೋದವು.

ಹೇಳಲು ಹೋದಾಗ ಅವರು ತೀರಿಕೊಂಡು ಎಂಟು ದಿನವಾಗಿತ್ತು. ಅವರ ಹೆಂಡತಿ, ಕಾಕು, ನೆಲದ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದರು. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ. ಅವರು ಮೊರದಿಂದ ತಲೆಯೆತ್ತಲಿಲ್ಲ.

"ನಂಗ ಗೊತ್ತೈತಪಾ," ಎಂದರು. "ನೀ ಬಂದ ಹೇಳ್ತೀ ಅಂತ ಕಾದ್ರು. ಕದಾ ಸಪ್ಪಳಾದ್ರ ಸಾಕು, ಅಂವಾ ಬಂದಾ ನೋಡ ಅಂತಿದ್ರು."

ಕಿಟಕಿಯ ಕಬ್ಬಿಣದ ಸರಳಿಗೆ ಎರಡು ಸಣ್ಣ ಅಯಸ್ಕಾಂತ ಅಂಟಿಕೊಂಡಿದ್ದವು. ಆ ನಾಲ್ಕರ ಜೊತೆ ಸೇರಬೇಕಾಗಿದ್ದ ಎರಡು.

ಇದನ್ನೆಲ್ಲ ನಾನು ಬಾವಿಕಟ್ಟೆಯ ಮೇಲೆ ಕುಳಿತು ನೆನೆಯುತ್ತಿರುವಾಗ ಪಂಪಿನವನು ಟೇಪು ಸುತ್ತುತ್ತ ಮಾತಿಗೆ ಮಾತು ಬೆಳೆಸಿದ್ದ. ವೈರಿನ ಕೆಲಸದಲ್ಲಿ ಹುಷಾರಾಗಿರಬೇಕು ಎಂದು ತನ್ನ ಗುರು ಹೇಳುತ್ತಿದ್ದನಂತೆ. ಹಿಂದೆ ದಾಂಡೇಲಿಯಲ್ಲಿ ಒಬ್ಬ ಮುದುಕನಿದ್ದನಂತೆ, ಪರೀಕ್ಷೆ ಮಾಡದೆ ಲಾರಿಯ ಮೀಟರು ಕೂಡಿಸಿ ಕೊಟ್ಟು ಒಬ್ಬ ಮನುಷ್ಯನ ಜೀವ ತೆಗೆದನಂತೆ.

"ಇಲ್ಲಪಾ," ಎಂದೆ. "ಅವರು ಹಚ್ಚಿದ ಟೇಪ್ ತಗದಾವ ನಾ."

ಅವನು ಕೈ ನಿಲ್ಲಿಸಿ ನನ್ನ ಮುಖ ನೋಡಿದ. ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, ಸ್ವಿಚ್ ಹಾಕಿರಿ ನೋಡೋಣ ಎಂದ. ಹಾಕಿದೆ. ಕೆಳಗೆ ನೀರು ಏಳುವ ಸಪ್ಪಳ ಕೇಳಿಸಿತು.