ಮಹೀನ್ ಬರೆದ ಲೆಕ್ಸರ್ ಮತ್ತು ಅಜ್ಜಿಯ ಸಾಲು

ಲಗ್ನಪತ್ರಿಕೆಯ ಮ್ಯಾಟರನ್ನು ಈಗ ಯಾರೂ ಕೈಯಲ್ಲಿ ಬರೆದು ತರುವುದಿಲ್ಲ, ವಾಟ್ಸಾಪಿನಲ್ಲಿ ಒಗೆಯುತ್ತಾರೆ. ದಪ್ಪ ಅಕ್ಷರ ಬೇಕಾದಲ್ಲಿ ಹಿಂದೊಂದು ಮುಂದೊಂದು ಸ್ಟಾರ್, ಓರೆ ಅಕ್ಷರಕ್ಕೆ ಅಡಿಗೆರೆ. ನಿಟ್ಟುವಳ್ಳಿಯ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಮಹೀನ್ ಆ ಗುರುತುಗಳನ್ನು ಅಳಿಸಿ ಅಳಿಸಿ ಬೇಸತ್ತು, ಮೊಬೈಲಿನಲ್ಲಿ ಪಾಠ ನೋಡಿ ತಾನೇ ಲೆಕ್ಸರ್ ಎಂಬ ಒಂದು ಪುಟ್ಟ ಪ್ರೋಗ್ರಾಮ್ ಬರೆದಳು. ಅದು ಮ್ಯಾಟರನ್ನು ಒಂದೊಂದೇ ಅಕ್ಷರವಾಗಿ ಓದಿ, ಇದು ಸ್ಟಾರ್, ಇದು ಅಡಿಗೆರೆ, ಇದು ಹೊಸ ಸಾಲು, ಇದು ಬರೀ ಮಾತು ಎಂದು ತುಂಡು ಮಾಡಿ ಬೇರೆ ಬೇರೆ ಇಡುತ್ತದೆ. ಅರ್ಧ ದಿನದ ಕೆಲಸ ಚಹಾ ಕುಡಿಯುವಷ್ಟರಲ್ಲಿ ಮುಗಿಯತೊಡಗಿತು.

ಈ ಯಾವುದಕ್ಕೂ ಸೇರದ ಅಕ್ಷರ ಬಂದರೆ? ಮಾಲೀಕ ವಿಜಯಕುಮಾರ್‌ಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ.

"ಕನ್ನಡ ಐತೆ, ಇಂಗ್ಲಿಷ್ ಐತೆ, ಅಂಕಿ ಐತೆ. ಮಿಕ್ಕಿದ್ದೆಲ್ಲ ಕಸ ಅಂತ ಬರದು ಬಿಸಾಕಮ್ಮ. ಜನ ಹೂವಿನ ಚಿತ್ರ, ದೀಪದ ಚಿತ್ರ ಹಾಕಿ ಕಳಿಸ್ತಾರ. ಅದ್ನೆಲ್ಲ ನೋಡ್ಕಂತ ಕೂಡಾಕ ಆಗ್ತೈತಾ?"

ಮಹೀನ್ ಚಿತ್ರಗಳನ್ನಷ್ಟೇ ನೆನೆದು ಹಾಗೇ ಬರೆದಳು.

ಹೀಗಿರುವಾಗ ಹರಿಹರದ ಮಕ್ತುಮ್ ಸಾಬರ ಮಗಳ ಮದುವೆ ಕಾರ್ಡು ಬಂತು. ಅವರ ಮನೆತನದಲ್ಲಿ ಕಾರ್ಡಿನ ಕೊನೆಯ ಸಾಲು ಮನೆಯ ಹಿರಿಯ ಹೆಂಗಸಿನದು. ಆಕೆ ತನ್ನ ಹೆಸರು ಹಾಕಿ, ಉರ್ದುವಿನಲ್ಲಿ, ಹೆಂಗಸರನ್ನು ತಾನೇ ಕರೆಯಬೇಕು. ಈ ಸಲ ಅದು ಮಕ್ತುಮ್ ಸಾಬರ ತಾಯಿ ರಹೀಮುನ್ನೀಸಾ ಅವರ ಪಾಳಿ. ಸೀಜನ್ನಿನ ಗಡಿಬಿಡಿಯಲ್ಲಿ ಪ್ರೂಫ್ ತೋರಿಸುವ ಗೋಜಿಗೆ ಮಾಲೀಕರು ಹೋಗಲಿಲ್ಲ. ಅಚ್ಚಾದ ಕಾರ್ಡಿನಲ್ಲಿ ಆ ಜಾಗ ಬೋಳಾಗಿತ್ತು.

ಮುದುಕಿ ಮಗನ ಜೊತೆ ಪ್ರೆಸ್ಸಿಗೇ ಬಂದರು. ಬೈಯಲಿಲ್ಲ.

"ಬೇಟಿ, ನಾನಿನ್ನೂ ಬದುಕೀನಿ. ನನ್ ಮೊಮ್ಮಗಳ ಮದುವಿಗೆ ಹೆಂಗಸ್ರನ್ನ ನಂಗ್ಯಾಕ ಕರಿಯಾಕ ಬಿಡ್ಲಿಲ್ಲ?"

ಮಹೀನ್‌ಗೆ ಮೈಯೆಲ್ಲ ಉರಿಯಿತು. ಅಮ್ಮ ಕೈ ಹಿಡಿದು ತಿದ್ದಿಸಿದ ಉರ್ದು ಅಕ್ಷರ, ತನ್ನದೇ ಪ್ರೋಗ್ರಾಮಿನಲ್ಲಿ ಕಸ! ಒಳಗೆ ಹೋಗಿ ಹೇಳಿದರೆ ವಿಜಯಕುಮಾರ್ ಕತ್ತು ಕೂಡ ಎತ್ತಲಿಲ್ಲ.

"ಒಂದ್ ಸಾಲಿಗೆ ಯಾಕ ಇಷ್ಟು ರಾದ್ಧಾಂತ? ಕಾರ್ಡ್ ಓದೋರಿಗೆಲ್ಲ ಕನ್ನಡ ಬರ್ತೈತೆ. ಹೆಂಗೋ ನಡೀತೈತೆ ಬಿಡು."

"ಅಜ್ಜಿ ಹೊರಗ ಕುಂತಾರ ಸರ್. ನಿಮ್ಮ ಅಕ್ಷರ ಕಸ ಅಂತ ನೀವೇ ಹೋಗಿ ಹೇಳ್ರಿ."

ಅವರು ಸಿಟ್ಟಿನಿಂದಲೇ ಎದ್ದು ಬಾಗಿಲ ತನಕ ಹೋದರು. ಬೆಂಚಿನ ಮೇಲೆ ಮುದುಕಿ ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ವಿಜಯಕುಮಾರ್ ಆ ಕಾರ್ಡನ್ನೇ ನೋಡಿದರು. ಅಲ್ಲಿಂದಲೇ ತಿರುಗಿ ಬಂದು, "ಎಲ್ಲಾ ಹೊಸದಾಗಿ ಹೊಡೀರಿ" ಎಂದರು.

ಮಹೀನ್ ಆಗಲೇ ಪ್ರೋಗ್ರಾಮ್ ತೆರೆದು ಉರ್ದು ಅಕ್ಷರಗಳನ್ನು ಮಾತಿನ ಲೆಕ್ಕಕ್ಕೆ ಸೇರಿಸುತ್ತಿದ್ದಳು. ಅವಳ ಸಿಟ್ಟು ಇಳಿದಿರಲಿಲ್ಲ.

"ಅಜ್ಜಿ ಹರಿಹರದಿಂದ ಇಲ್ಲೀತನ ಬರದೇ ಇದ್ದಿದ್ರೆ, ಸರ್?"

ವಿಜಯಕುಮಾರ್ ಮಷಿನ್ ಕಡೆ ನಡೆದರು.