ಶಾಂತವ್ವ ಫೋರ್ಕ್ ಹಿಡಿಯಲಿಲ್ಲ

ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನು ಅಮೆರಿಕದ ಹ್ಯೂಸ್ಟನ್ ಪಕ್ಕದ ಊರು ಕೇಟಿಯಲ್ಲಿರುವ ಮಗಳ ಮನೆಗೆ ಬಂದೆ. ಅಲ್ಲಿ ಸಿಕ್ಕ ಮೊದಲ ಗೆಳತಿ ಪಕ್ಕದ ಮನೆಯ ಶಾಂತವ್ವ. ಧಾರವಾಡದಲ್ಲಿ ಇಪ್ಪತ್ತು ವರ್ಷ ಖಾನಾವಳಿ ನಡೆಸಿ, ದಿನಾ ಇನ್ನೂರು ಜೋಳದ ರೊಟ್ಟಿ ತಟ್ಟಿದವಳು. 2016ರ ಯುಗಾದಿಯ ಮಾರನೆಯ ದಿನ ಲಕ್ವ ಹೊಡೆದು ಅವಳ ಬಲಗೈ ಮುಷ್ಟಿ ಕಟ್ಟಿಬಿಟ್ಟಿತು. ಬೆರಳು ಬಿಡಿಸಿದರೂ ಮತ್ತೆ ಮಡಚಿಕೊಳ್ಳುತ್ತಿತ್ತು.

ಹ್ಯೂಸ್ಟನ್ನಿನ ಥೆರಪಿ ಸೆಂಟರಿನಲ್ಲಿ ಆ ಕೈಗೆ ಯಂತ್ರದ ಕೈಗವಸು ತೊಡಿಸುತ್ತಿದ್ದರು. ಬೆರಳಿಗೊಂದು ಸಣ್ಣ ಕಡ್ಡಿ, ಮೊಣಕೈವರೆಗೆ ಪಟ್ಟಿ. ಅವಳು ಒಂದಿಷ್ಟು ಬೆರಳು ಬಿಚ್ಚಿದರೆ ಉಳಿದಷ್ಟನ್ನು ಅದು ಬಿಚ್ಚಿಕೊಡುವುದು. ಅವಳು ಸುಮ್ಮನಿದ್ದರೆ ಅದೂ ಸುಮ್ಮನೆ.

"ನಮ್ಮ ಯಜಮಾನರಕಿಂತ ಛಲೋ ಐತ್ರಿ ಅಕ್ಕಾರ. ನಾ ಒಂದು ಹೆಜ್ಜಿ ಇಟ್ರ ತಾನೂ ಒಂದು ಇಡತೈತಿ" ಎನ್ನುತ್ತಿದ್ದಳು.

ಅವಳ ಸೊಸೆ ಸುಪ್ರಜಾ ಡ್ರೈವ್ ಮಾಡುತ್ತಿದ್ದಳು. ಜೊತೆಗೆ ನಾನು.

ಮೂರನೇ ತಿಂಗಳು ಪರೀಕ್ಷೆ ಇಟ್ಟರು. ಫೋರ್ಕ್ ಹಿಡಿದು ಹಣ್ಣಿನ ಹೋಳು ಚುಚ್ಚಿ ಬಾಯಿಗೆ ತರಬೇಕು. ಮೂರು ಸಲವೂ ಫೋರ್ಕ್ ಬಿತ್ತು. ಥೆರಪಿಯ ಹುಡುಗಿ ಮುಖ ಸಣ್ಣದು ಮಾಡಿಕೊಂಡು ಸೊನ್ನೆ ಬರೆದಳು. ಶುಕ್ರವಾರ ಇನ್ನೊಂದೇ ಅವಕಾಶ. ಸುಧಾರಣೆ ಕಾಣದಿದ್ದರೆ ಇನ್ಶೂರೆನ್ಸಿನವರು ಯಂತ್ರ ನಿಲ್ಲಿಸುತ್ತಾರೆ ಎಂದಳು.

ಕಾರಿನಲ್ಲಿ ಸುಪ್ರಜಾ, "ಮನ್ಯಾಗ ಪ್ರಾಕ್ಟೀಸ್ ಮಾಡೋಣ್ರಿ ಅತ್ತಿ" ಎಂದಳು.

"ಕೈ ಛಲೋ ಇದ್ದಾಗರೆ ನಾ ಯಾವಾಗ ಫೋರ್ಕ್ ಹಿಡದಿದ್ದೆ?"

ಸುಪ್ರಜಾ ಆಗ ಒಪ್ಪಿಕೊಂಡಳು. ಮೊದಲ ದಿನದ ಫಾರ್ಮಿನಲ್ಲಿ, ಫೋರ್ಕಿನಿಂದ ತಿನ್ನುತ್ತಿದ್ದರೇ ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದ್ದು ಅವಳೇ. ಕೈಯಲ್ಲಿ ಉಣ್ಣುತ್ತಾರೆ ಎಂದು ಬರೆಯಲು ನಾಚಿಕೆಯಾಗಿತ್ತಂತೆ.

ಶುಕ್ರವಾರ ಶಾಂತವ್ವ ಜೋಳದ ಹಿಟ್ಟಿನ ಡಬ್ಬಿ, ಹಿಟ್ಟು ನಾದುವ ಪರಾತ, ಫ್ಲಾಸ್ಕಿನಲ್ಲಿ ಬಿಸಿನೀರು ನಮ್ಮಿಬ್ಬರ ಕೈಲಿ ಹೊರಿಸಿದಳು.

"ಅಲ್ಲಿ ನಗತಾರ್ರಿ ಅತ್ತಿ."

"ನಗಲಿ. ಹಲ್ಲು ಅವರವು, ಕೈ ನಂದು."

ಹುಡುಗಿ ಮತ್ತೆ ಫೋರ್ಕ್ ಮುಂದಿಟ್ಟಳು. ಶಾಂತವ್ವ ಎಡಗೈಯಿಂದ ಅದನ್ನು ಅತ್ತ ಸರಿಸಿದಳು. "ಇದು ಎಂದೂ ಮಾಡಿದ ಕೆಲಸ ಅಲ್ಲ. ನನಗ ಬರೂದನ್ನ ಕೇಳು ಅಂತ ಹೇಳು ಈಕಿಗೆ."

ಸುಪ್ರಜಾ ತಗ್ಗಿದ ದನಿಯಲ್ಲಿ ಫಾರ್ಮಿನ ಸಂಗತಿಯನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಹೇಳಿದಳು. ಹುಡುಗಿ ಗಡಿಯಾರ ನೋಡಿದಳು, ನಮ್ಮ ಪರಾತ ನೋಡಿದಳು, ಮೇಜು ಖಾಲಿ ಮಾಡಿಕೊಟ್ಟಳು.

ಹಿಟ್ಟು ನಾದಿದವಳು ನಾನು. ಕೈಗವಸು ಬೇಡ ಎಂದಳು ಶಾಂತವ್ವ. ಮೊದಲ ಏಟು ಬರೀ ಮುಷ್ಟಿ. ಎರಡನೆಯದೂ ಅಷ್ಟೆ. ಅವಳು ಕಣ್ಣು ಮುಚ್ಚಿ, ಯಂತ್ರ ಬಿಡಿಸುತ್ತಿದ್ದ ಹಾಗೆಯೇ ಒಂದೊಂದಾಗಿ ಬೆರಳು ಬಿಡಿಸಿದಳು. ಕಿರುಬೆರಳು ಮಾತ್ರ ಕೇಳಲಿಲ್ಲ. ಎಡಗೈಯಿಂದ ಹಿಟ್ಟು ತಿರುಗಿಸುತ್ತ ಬಲಗೈಯಿಂದ ತಟ್ಟಿದಳು. ಟಪ್. ಆ ಸದ್ದು ಕೇಳಿ ಆಚೆ ಮೇಜಿನವರೂ ತಿರುಗಿದರು. ರೊಟ್ಟಿ ಅಂಗೈಯಗಲ ಆಯಿತು, ಒಂದು ಕಡೆ ಹರಿಯಿತು. ಅದರ ಮೇಲೆ ಮೂರು ಬೆರಳು ಚಾಚಿ ಮೂಡಿದ್ದವು.

ಹುಡುಗಿ ಗುರುತುಗಳನ್ನು ಅಳೆದು, ಫೋಟೋ ತೆಗೆದು, ತುಂಬ ಬರೆದುಕೊಂಡಳು. ಶಾಂತವ್ವ ಕುರ್ಚಿ ಬಿಟ್ಟು ಏಳಲಿಲ್ಲ.

"ಆ ಫಾರ್ಮ್ ತರಸು. ಕೈಲೆ ಉಣತಾಳ ಅಂತ ಬರಿ."

ಸುಪ್ರಜಾ ಹಳೆಯ ಗುರುತು ಹೊಡೆದು, ದಪ್ಪಗೆ ಬರೆದು, ಓದಿ ಹೇಳಿದಳು. ಆಮೇಲೆಯೇ ಶಾಂತವ್ವ ಎದ್ದಳು.

ಹತ್ತು ದಿನ ಕಳೆದ ಮೇಲೆ, ಇನ್ನೂ ಹನ್ನೆರಡು ಸಲ ಥೆರಪಿಗೆ ಒಪ್ಪಿಗೆ ಎಂದು ಇನ್ಶೂರೆನ್ಸಿನವರ ಕಾಗದ ಬಂತು. ಹನ್ನೆರಡೂ ಸಲ ಹಿಟ್ಟಿನ ಡಬ್ಬಿ ನಮ್ಮ ಜೊತೆ ಹೋಯಿತು. ಫೋರ್ಕ್ ಮಾತ್ರ ಆ ಮೇಜಿಗೆ ಮತ್ತೆ ಬರಲಿಲ್ಲ.